ದೊಡ್ಮನೆಯಿಂದ ಯೋಜನಾ ಭವನಕ್ಕೆ

ಪಂಚವಾರ್ಷಿಕ ಯೋಜನೆಗಳನ್ನು ಯಾರು ರೂಪಿಸುತ್ತಾರೆ ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗನೂ 'ಯೋಜನಾ ಆಯೋಗ' ಎಂದು ಥಟ್ಟನೆ ಹೇಳುತ್ತಿದ್ದ ಕಾಲವೊಂದಿತ್ತು. ಆಯೋಗದ ಅಧ್ಯಕ್ಷರು ಯಾರು? ಪ್ರಧಾನಮಂತ್ರಿ. ಒಂದೊಂದು ಅಂಕದ ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಿದವರು ಇಂದು ಪಾಲಕರಾಗಿದ್ದಾರೆ. ಆದರೆ ಪ್ರಧಾನಿಯವರು ಪದನಿಮಿತ್ತ ಅಧ್ಯಕ್ಷರು ಮಾತ್ರ. ಆಯೋಗದ ದಿನನಿತ್ಯದ ಹೊಣೆ ಇರುತ್ತಿದ್ದುದು ಸಂಪುಟ ದರ್ಜೆಯ ಉಪಾಧ್ಯಕ್ಷರ ಮೇಲೆ. ದೇಶದ ಹಣ ಯಾವ ಕಡೆ ಹರಿಯಬೇಕು, ಎಷ್ಟು ಹರಿಯಬೇಕು ಎಂಬ ಲೆಕ್ಕ ಅವರ ಮೇಜಿನ ಮೇಲಿರುತ್ತಿತ್ತು. ಆ ಕುರ್ಚಿಯಲ್ಲಿ 1989ರ ಡಿಸೆಂಬರಿನಿಂದ 1990ರ ಜುಲೈವರೆಗೆ ಕುಳಿತವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು?

ಹೆಗಡೆಯವರನ್ನು ಜನ ಮುಖ್ಯಮಂತ್ರಿಯಾಗಿ ನೆನಪಿಟ್ಟಿದ್ದಾರೆ. ಯೋಜಕರಾಗಿ ನೆನಪಿಟ್ಟವರು ಕಡಿಮೆ. ಆದರೆ ಅವರ ಬದುಕನ್ನು ಆ ದಿಕ್ಕಿನಿಂದ ನೋಡಿದರೆ ಒಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. ಯೋಜನೆ ಎಂಬುದು ಯಾರ ಕೆಲಸ? ರಾಜಧಾನಿಯಲ್ಲಿ ಕುಳಿತ ಪಂಡಿತರದೋ, ಅದರ ಫಲ ಉಣ್ಣುವ ಊರಿನವರದೋ?

ಸನವಳ್ಳಿಯ ನೀರು

ಈ ಪ್ರಶ್ನೆಯನ್ನು ದಿಲ್ಲಿಯಿಂದ ಆರಂಭಿಸುವುದಕ್ಕಿಂತ ಅದೇ ಜಿಲ್ಲೆಯ ಮುಂಡಗೋಡ ತಾಲೂಕಿನ ಸನವಳ್ಳಿಯಿಂದ ಆರಂಭಿಸುವುದು ಒಳ್ಳೆಯದು. ಮುಂಡಗೋಡ ಅರೆಮಲೆನಾಡು. ಪಶ್ಚಿಮಕ್ಕೆ ಕಾಡು, ಪೂರ್ವಕ್ಕೆ ಬಯಲು. ಮಳೆ ಒಂದು ವರ್ಷ ಮಲೆನಾಡಿನಂತೆ ಸುರಿದರೆ ಮತ್ತೊಂದು ವರ್ಷ ಬಯಲುಸೀಮೆಯಂತೆ ಕೈಕೊಡುತ್ತದೆ. ಇಂಥ ನೆಲದಲ್ಲಿ ಸನವಳ್ಳಿಯ ಜಲಾಶಯದಂಥ ನೀರಿನ ಆಸರೆ ಊರಿನವರ ಪಾಲಿಗೆ ಬ್ಯಾಂಕಿನ ಠೇವಣಿ ಇದ್ದಂತೆ.

ಈಗ ಯೋಚಿಸಿ. ಮಳೆಗಾಲ ಮುಗಿದಾಗ ಯಾವುದೇ ಜಲಾಶಯದಲ್ಲಿ ಇಂತಿಷ್ಟೇ ನೀರು. ಅದರಲ್ಲಿ ಗದ್ದೆಗೆಷ್ಟು, ದನಕರುಗಳಿಗೆಷ್ಟು, ಕುಡಿಯಲು ಎಷ್ಟು? ಬಿಸಿಲಿಗೆ ಆವಿಯಾಗುವ ಪಾಲನ್ನು ಯಾರೂ ಕೇಳದಿದ್ದರೂ ಸೂರ್ಯ ತೆಗೆದುಕೊಂಡೇ ಹೋಗುತ್ತಾನೆ. ತಳದಲ್ಲಿ ವರ್ಷದಿಂದ ವರ್ಷಕ್ಕೆ ಹೂಳು ಕೂಡುತ್ತದೆ. ದಂಡೆಯ ಮೇಲಿನಿಂದ ನೋಡಿದವರಿಗೆ ಕೆರೆ ತುಂಬಿದಂತೆಯೇ ಕಂಡರೂ ಒಳಗಿನ ನೀರು ಮೊದಲಿನಷ್ಟಿರುವುದಿಲ್ಲ. ಬೇಸಿಗೆಯ ಬೆಳೆಗೆ ಈಗಲೇ ನೀರು ಬಿಟ್ಟರೆ ಏಪ್ರಿಲ್‌ನಲ್ಲಿ ಕೊಡಗಳ ಸಾಲು. ಬಿಡದೆ ಕೂಡಿಟ್ಟರೆ ರೈತನ ಪೈರು ಒಣಗುತ್ತದೆ.

ಇಷ್ಟೇ ಯೋಜನೆ ಎಂದರೆ. ಇರುವುದು ಮಿತ, ಬೇಡಿಕೆ ಅಮಿತ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸಿ, ಆ ತೀರ್ಮಾನದ ಕಷ್ಟವನ್ನೂ ಹೊತ್ತುಕೊಳ್ಳುವುದು. ಕೆರೆಯ ಜಾಗದಲ್ಲಿ ದೇಶದ ಬೊಕ್ಕಸವನ್ನಿಟ್ಟರೆ ಅದೇ ಪಂಚವಾರ್ಷಿಕ ಯೋಜನೆ.

ಕನ್ನಡ ನಾಡಿಗೆ ಈ ವಿಚಾರ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು 1934ರಲ್ಲೇ ಪುಸ್ತಕ ಬರೆದರು. ದೇಶಕ್ಕೆ ಯೋಜನಾ ಆಯೋಗ ಬಂದದ್ದು ಅದಾಗಿ ಹದಿನಾರು ವರ್ಷಗಳ ನಂತರ, 1950ರ ಮಾರ್ಚ್‌ನಲ್ಲಿ. ಮೊದಲ ಯೋಜನೆ 1951ರಲ್ಲಿ ಆರಂಭವಾಯಿತು.

ಹಳ್ಳಿಯ ಹುಡುಗ

ಹೆಗಡೆಯವರು ಹುಟ್ಟಿದ್ದು 1926ರ ಆಗಸ್ಟ್ 29ರಂದು. ಅಡಿಕೆ ತೋಟಗಳ ನಡುವಿನ ಆ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸಿದ್ದಾಪುರ, ಅಂಕೋಲಾಗಳು ಕರನಿರಾಕರಣೆಯ ಹೋರಾಟದಿಂದ ಹೆಸರಾದ ತಾಲೂಕುಗಳು. ತೆರಿಗೆ ಕಟ್ಟುವುದಿಲ್ಲವೆಂದು ಹೊಲಮನೆ ಕಳೆದುಕೊಂಡವರ ಕತೆಗಳನ್ನು ಕೇಳುತ್ತ ಬೆಳೆದ ಪೀಳಿಗೆ ಅದು. 1942ರ 'ಭಾರತ ಬಿಟ್ಟು ತೊಲಗಿ' ಚಳವಳಿಯ ಹೊತ್ತಿಗೆ ಹದಿನಾರರ ಹರೆಯದ ಹೆಗಡೆ ಚಳವಳಿಗೆ ಧುಮುಕಿದರು, ಜೈಲು ಕಂಡರು. ಮುಂದೆ ಓದಿದ್ದು ಕಾಶಿ ವಿದ್ಯಾಪೀಠದಲ್ಲಿ. ಅದು ಬ್ರಿಟಿಷ್ ಸರಕಾರದ ನೆರವಿಲ್ಲದೆ ನಡೆಯಬೇಕೆಂದು 1921ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿದ್ಯಾಸಂಸ್ಥೆ. ಲಾಲ್ ಬಹಾದೂರ್ ಶಾಸ್ತ್ರಿಯವರು ಓದಿದ್ದೂ ಅಲ್ಲೇ. ನಂತರ ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ.

ಊರಿಗೆ ಮರಳಿ ವಕೀಲಿ ಮಾಡಿದರು, ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಮರುವರ್ಷದ ಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದಾಗ ಅವರಿಗೆ ಮೂವತ್ತೊಂದು ವರ್ಷವೂ ತುಂಬಿರಲಿಲ್ಲ. ನಿಜಲಿಂಗಪ್ಪನವರ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ 1971ರವರೆಗೂ ಸಹಕಾರ, ಕೈಗಾರಿಕೆ, ಯೋಜನೆ, ಪಂಚಾಯತ್ ರಾಜ್, ಹಣಕಾಸು ಹೀಗೆ ಹಲವು ಖಾತೆಗಳನ್ನು ನೋಡಿಕೊಂಡರು. ರಾಜ್ಯದ ಮುಂಗಡಪತ್ರವನ್ನು ಹಣಕಾಸು ಮಂತ್ರಿಯಾಗಿಯೂ, ಆಮೇಲೆ ಮುಖ್ಯಮಂತ್ರಿಯಾಗಿಯೂ ಒಟ್ಟು 13 ಸಲ ಮಂಡಿಸಿದರು. ಕರ್ನಾಟಕದಲ್ಲಿ ಆ ದಾಖಲೆ ಮುರಿದದ್ದು 2023ರ ಜುಲೈನಲ್ಲಿ. ಮುರಿದವರು ಸಿದ್ದರಾಮಯ್ಯ, 1983ರಲ್ಲಿ ಹೆಗಡೆಯವರ ಸರಕಾರವೇ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರನ್ನಾಗಿ ಮಾಡಿದ್ದ ಅಂದಿನ ಯುವ ಶಾಸಕ.

ಮುಂಗಡಪತ್ರವೆಂದರೆ ಒಣ ಅಂಕಿಗಳ ಕಟ್ಟು ಎಂದು ಮಕ್ಕಳು ತಿಳಿಯುವುದು ಸಹಜ. ಮನೆಯಲ್ಲಿ ಅಪ್ಪ ಅವ್ವ ಜೂನ್ ತಿಂಗಳ ಮೊದಲು ಮಾಡುವ ಲೆಕ್ಕವೂ ಅದೇ: ಬೀಜ ಗೊಬ್ಬರಕ್ಕೆಷ್ಟು, ಮಗನ ಫೀಗೆಷ್ಟು, ಮಗಳ ಹಾಸ್ಟೆಲ್ಲಿಗೆಷ್ಟು, ಸೊಸೈಟಿಯ ಸಾಲಕ್ಕೆಷ್ಟು. ಒಂದು ಮನೆಯ ಮನಸ್ಸು ಯಾವ ಕಡೆಗಿದೆ ಎಂಬುದು ಅದರ ಖರ್ಚಿನ ಚೀಟಿಯಲ್ಲಿ ತಿಳಿಯುತ್ತದೆ. ರಾಜ್ಯದ್ದೂ ಹಾಗೆಯೇ.

ಚೀನಾದ ಪಾಠ

ಯೋಜನೆಯ ಮಾತು ಬಂದಾಗ ಚೀನಾವನ್ನು ಬಿಡುವಂತಿಲ್ಲ. ಅಲ್ಲಿ ರಾಜ್ಯ ಯೋಜನಾ ಆಯೋಗ ಸ್ಥಾಪನೆಯಾದದ್ದು 1952ರಲ್ಲಿ, ಮೊದಲ ಪಂಚವಾರ್ಷಿಕ ಯೋಜನೆ 1953ರಿಂದ. ಆ ಯೋಜನೆಯ ಮುಖ್ಯ ಶಿಲ್ಪಿಗಳಲ್ಲಿ ಚೆನ್ ಯುನ್ ಒಬ್ಬರು. 1905ರಲ್ಲಿ ಶಾಂಘಾಯ್ ಸಮೀಪದ ಚಿಂಗ್‌ಪೂದ ಬಡ ಮನೆಯಲ್ಲಿ ಹುಟ್ಟಿ, ಎಳೆವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಹೆಚ್ಚು ಓದಲಾಗದೆ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಕಲಿಯಲು ಸೇರಿದ ಹುಡುಗ ಮುಂದೆ ಇಡೀ ದೇಶದ ಹಣಕಾಸಿನ ಹೊಣೆ ಹೊತ್ತರು.

1958ರಲ್ಲಿ ಮಾವೋ 'ಮಹಾ ಮುನ್ನೆಗೆತ'ಕ್ಕೆ ಕರೆ ಕೊಟ್ಟರು. ಧಾನ್ಯದ ಇಳುವರಿ, ಉಕ್ಕಿನ ಉತ್ಪಾದನೆ ಒಂದೇ ನೆಗೆತಕ್ಕೆ ಹಲವು ಪಟ್ಟು ಏರಬೇಕು ಎಂಬುದು ಗುರಿ. ಏರಿದ್ದು ಕಾಗದದ ಅಂಕಿಗಳು ಮಾತ್ರ. ಮೇಲಿನವರಿಗೆ ಬೇಡವಾದ ಸತ್ಯವನ್ನು ಹೇಳಲು ಕೆಳಗಿನ ಅಧಿಕಾರಿಗಳಿಗೆ ಧೈರ್ಯವಿರಲಿಲ್ಲ. ಹತ್ತು ಚೀಲ ಬೆಳೆದಲ್ಲಿ ಮೂವತ್ತು ಎಂದು ಬರೆದರು. ಬರೆದ ಮೂವತ್ತರ ಲೆಕ್ಕದಲ್ಲಿ ಸರಕಾರ ತನ್ನ ಪಾಲು ಒಯ್ದಿತು. ಬೆಳೆದವನ ಮನೆಯಲ್ಲಿ ಒಲೆ ಉರಿಯಲಿಲ್ಲ. 1961ರವರೆಗಿನ ಆ ಕ್ಷಾಮದಲ್ಲಿ ಸತ್ತವರು ಕಡಿಮೆಯೆಂದರೂ ಒಂದೂವರೆ ಕೋಟಿ. ಚೆನ್ ಯುನ್ 1961ರಲ್ಲಿ ತಮ್ಮ ಹುಟ್ಟೂರಿನ ಸೀಮೆಗೇ ಹೋಗಿ, ರೈತರ ಜೊತೆ ಕುಳಿತು ಅವರ ಕಷ್ಟ ಕೇಳಿದರು. ಅಂಕಿಗಳಲ್ಲಿ ಕಾಣದ್ದು ಅಂಗಳದಲ್ಲಿ ಕಂಡಿತು.

ವಿಜ್ಞಾನ ಓದುವ ಮಕ್ಕಳಿಗೆ ಇದು ಅರ್ಥವಾಗಬೇಕು. ದೇಹ ಬಿಸಿಯಾದರೆ ಬೆವರುತ್ತದೆ, ತಣ್ಣಗಾದರೆ ನಡುಗುತ್ತದೆ. ಚರ್ಮದಿಂದ ಮಿದುಳಿಗೆ ನಿಜವಾದ ಸುದ್ದಿ ಹೋಗುವುದರಿಂದಲೇ ಉಷ್ಣತೆ ಹದದಲ್ಲಿರುತ್ತದೆ. ಇದನ್ನೇ ಹಿಮ್ಮಾಹಿತಿ ಎನ್ನುತ್ತಾರೆ. ಜ್ವರ ಬಂದಾಗ ಉಷ್ಣಮಾಪಕ ವೈದ್ಯರನ್ನು ಮೆಚ್ಚಿಸಲು ಯಾವಾಗಲೂ 98.4 ಎಂದೇ ತೋರಿಸಿದರೆ ರೋಗಿಯ ಗತಿಯೇನು? ಚೀನಾದಲ್ಲಿ ಆದದ್ದು ಅದೇ. ಯೋಜಕರು ಬುದ್ಧಿವಂತರಾಗಿದ್ದರು, ಉಷ್ಣಮಾಪಕ ಸುಳ್ಳು ಹೇಳುತ್ತಿತ್ತು.

ಆ ದೇಶದ ಇತಿಹಾಸ ಮುಂಡಗೋಡಕ್ಕೆ ದೂರದ ಮಾತೂ ಅಲ್ಲ. 1959ರ ನಂತರ ನೆಲೆ ತಪ್ಪಿ ಬಂದ ಟಿಬೆಟಿಯನ್ನರಿಗೆ 1966ರಿಂದ ಈ ತಾಲೂಕಿನಲ್ಲೇ ವಸತಿ ದೊರೆಯಿತು. ತಮ್ಮ ನಾಡಿನ ಬಗ್ಗೆ ತಮ್ಮನ್ನು ಕೇಳದೆ ತೆಗೆದುಕೊಂಡ ತೀರ್ಮಾನಗಳ ಭಾರ ಏನೆಂಬುದನ್ನು ಈ ನೆರೆಯವರನ್ನು ನೋಡಿಯೇ ಸುತ್ತಲಿನ ಹಳ್ಳಿಯವರು ತಿಳಿದಿದ್ದಾರೆ.

ಊರಿನ ಕೈಗೆ ಅಧಿಕಾರ

ಕಾಂಗ್ರೆಸ್ 1969ರಲ್ಲಿ ಒಡೆದಾಗ ಹೆಗಡೆ ನಿಜಲಿಂಗಪ್ಪನವರ ಬಣದಲ್ಲಿ ಉಳಿದರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಸೆರೆವಾಸ. 1977ರಲ್ಲಿ ಜನತಾ ಪಕ್ಷದ ಪ್ರಧಾನ ಕಾರ್ಯದರ್ಶಿ. 1983ರ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷ 95 ಸ್ಥಾನ ಗೆದ್ದಾಗ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರಕ್ಕೆ ಅವರು ಮುಖ್ಯಮಂತ್ರಿಯಾದರು. ಸ್ವಂತ ಬಹುಮತವಿಲ್ಲದ, ಹೊರಗಿನ ಬೆಂಬಲದಿಂದ ನಡೆಯುವ ಸರಕಾರ. ಇಂದೋ ನಾಳೆಯೋ ಎಂದು ಜನ ಅನ್ನುತ್ತಿದ್ದರು. ಅಂಥ ಹೊತ್ತಿನಲ್ಲೂ ದೂರದ ಕೆಲಸಗಳಿಗೆ ಕೈ ಹಾಕಿದ್ದು ಆ ಸರಕಾರದ ವಿಶೇಷ. 1983ರ ಮಾರ್ಚ್‌ನಲ್ಲಿ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ–ರಾಜ್ಯಗಳ ಹಣಕಾಸಿನ ಸಂಬಂಧ ಚರ್ಚಿಸಿದರು. ಅದೇ ತಿಂಗಳು ಕೇಂದ್ರ ಸರಕಾರ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿತು. 1984ರಲ್ಲಿ ಲೋಕಾಯುಕ್ತ ಕಾಯಿದೆ ಬಂತು. ಕಾಲೇಜುಗಳ ಕ್ಯಾಪಿಟೇಶನ್ ಹಾವಳಿಗೆ ಕಡಿವಾಣ ಹಾಕುವ ಕಾಯಿದೆಯೂ ಅದೇ ವರ್ಷದ್ದು.

ಎಲ್ಲಕ್ಕೂ ಮಿಗಿಲಾದದ್ದು 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯಿದೆ. ಅದರ ಹಿಂದಿನ ಜೀವ ಗ್ರಾಮೀಣಾಭಿವೃದ್ಧಿ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೂ ಕೊಳವೆ ಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡವರು. ಮಂತ್ರಿಯ ಮನಸ್ಸಿನಲ್ಲಿ ವಿಚಾರ ಹುಟ್ಟಿದರೆ ಸಾಲದು; ಶಾಸಕರ, ಅಧಿಕಾರಿಗಳ ಕೈಯಿಂದ ಅಧಿಕಾರ ಬಿಡಿಸಿ ಕೆಳಕ್ಕೆ ಕೊಡಲು ಮುಖ್ಯಮಂತ್ರಿ ಒಪ್ಪಬೇಕು. ಹೆಗಡೆ ಒಪ್ಪಿದರು. ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. ಆ ನಡುವೆ 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ 28ರಲ್ಲಿ 4 ಸ್ಥಾನಕ್ಕಿಳಿದಾಗ ಅವರು ರಾಜೀನಾಮೆ ಕೊಟ್ಟು ಜನರ ಮುಂದೆ ಹೋಗಿ, 1985ರ ಮಾರ್ಚ್‌ನಲ್ಲಿ 139 ಸ್ಥಾನಗಳೊಂದಿಗೆ ಮರಳಿದ್ದರು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಆಗಿದ್ದ ಎಲ್ಲ ಜಿಲ್ಲೆಗಳಿಗೂ ಜಿಲ್ಲಾ ಪರಿಷತ್ತು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಬ್ರಿಟಿಷರ ಕಾಲದಿಂದ 'ಕಲೆಕ್ಟರ್ ಸಾಹೇಬರೇ ಜಿಲ್ಲೆಯ ದೊರೆ' ಎಂದು ನಂಬಿದ್ದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಸ್ಥಾನಗಳಲ್ಲಿ ಶೇ. 25 ಮಹಿಳೆಯರಿಗೆ ಮೀಸಲು. ದೇಶಕ್ಕೆಲ್ಲ ಅನ್ವಯಿಸುವ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಕರ್ನಾಟಕದ ಹೆಣ್ಣುಮಕ್ಕಳು ಅದಕ್ಕೂ ಆರು ವರ್ಷ ಮುಂಚೆಯೇ ಮಂಡಲ ಪಂಚಾಯತಿಯ ಕುರ್ಚಿಯಲ್ಲಿ ಕುಳಿತಿದ್ದರು.

ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು, ಊರಿನ ರಸ್ತೆ ಇವೆಲ್ಲ ಜಿಲ್ಲೆಯ ಕೈಗೆ ಬಂದವು. ಯಾವ ಊರಿಗೆ ಏನು ಬೇಕೆಂಬ ಪಟ್ಟಿ ಅಲ್ಲೇ ತಯಾರಾಗತೊಡಗಿತು. ಶಾಲೆಗೆ ಮಾಸ್ತರರು, ಆಸ್ಪತ್ರೆಗೆ ಡಾಕ್ಟರು ಸರಿಯಾಗಿ ಬರತೊಡಗಿದರೆಂದು ಆ ವರ್ಷಗಳನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕಾರಣ ಸರಳ. ಮಾಸ್ತರರು ಬಂದಿಲ್ಲವೆಂಬ ದೂರು ಬೆಂಗಳೂರಿಗೆ ಹೋಗಿ ಬರಲು ಆರು ತಿಂಗಳು. ಮಂಡಲ ಪಂಚಾಯತಿಗೆ ಹೋಗಲು ಹತ್ತು ನಿಮಿಷ. ಉಷ್ಣಮಾಪಕವನ್ನು ಜ್ವರ ಬಂದವರ ಹತ್ತಿರವೇ ಇಟ್ಟಂತಾಯಿತು.

ದೋಷಗಳೂ ಇದ್ದವು. ಅಧಿಕಾರ ಕೆಳಕ್ಕೆ ಬಂದಾಗ ಜಗಳ, ಗುಂಪುಗಾರಿಕೆ, ಗುತ್ತಿಗೆದಾರರ ಪೈಪೋಟಿಗಳೂ ಜೊತೆಗೇ ಬಂದವು. ಆದರೆ ಊರಿನಲ್ಲಿ ಆಗುವ ತಪ್ಪು ಊರಿನವರ ಕಣ್ಣಿಗೆ ಬೀಳುತ್ತದೆ. ದೂರದಲ್ಲಾದ ತಪ್ಪು ಕಾಣುವುದೇ ಇಲ್ಲ.

ನೆರಳಿನ ಭಾಗ

ಒಬ್ಬ ನಾಯಕನ ಬಗ್ಗೆ ಮಕ್ಕಳಿಗೆ ಹೇಳುವಾಗ ಬೆಳಕನ್ನಷ್ಟೇ ತೋರಿಸುವುದು ವಂಚನೆ. ಹೆಗಡೆಯವರು ಮೌಲ್ಯಾಧಾರಿತ ರಾಜಕಾರಣದ ಮಾತನ್ನು ಮನೆಮಾತಾಗಿಸಿದವರು. ಆದ್ದರಿಂದಲೇ ಅವರನ್ನು ಆ ಅಳತೆಗೋಲಿನಿಂದಲೇ ಜನ ಅಳೆದರು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಚಾರದಲ್ಲಿ 1986ರ ಫೆಬ್ರವರಿಯಲ್ಲಿ ಹೈಕೋರ್ಟು ಸರಕಾರದ ಕ್ರಮವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟರು. ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಪ್ರಕರಣ ಹೊರಬಿದ್ದಾಗ 1988ರ ಆಗಸ್ಟ್‌ನಲ್ಲಿ ಅಧಿಕಾರ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಊರಿನ ಮಾತಿಗೆ ಕಿವಿಗೊಡಬೇಕೆಂದು ಕಾಯಿದೆ ತಂದ ಸರಕಾರ ಕದ್ದು ಕೇಳುವ ಕಿವಿಯನ್ನೂ ಇಟ್ಟುಕೊಂಡಿತ್ತು ಎಂಬುದು ಕಹಿಯಾದರೂ ನಿಜ.

ಏಳು ತಿಂಗಳ ಯೋಜಕ

1989ರ ಡಿಸೆಂಬರಿನಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾದರು. ಹೆಗಡೆ ದಿಲ್ಲಿಯ ಯೋಜನಾ ಭವನಕ್ಕೆ ಬಂದರು. ಆಯೋಗದ ಸದಸ್ಯರಾಗಿ ಬಂದವರಲ್ಲಿ ಗುಜರಾತಿನ ದುಡಿಯುವ ಹೆಂಗಸರನ್ನು ಸಂಘಟಿಸಿದ್ದ ಇಳಾ ಭಟ್, ಗಾಂಧಿವಾದಿ ಎಲ್.ಸಿ. ಜೈನ್, ರಾಜಕೀಯ ಚಿಂತಕ ರಜನಿ ಕೊಠಾರಿ, ಅರ್ಥಶಾಸ್ತ್ರಜ್ಞ ಅರುಣ್ ಘೋಷ್ ಇದ್ದರು. ಕಾರ್ಖಾನೆಗಳ ಲೆಕ್ಕ ಹಾಕುವವರ ಜೊತೆಗೆ ಬೀಡಿ ಕಟ್ಟುವವರ, ತಲೆಹೊರೆ ಹೊರುವವರ ಲೆಕ್ಕ ಬಲ್ಲವರೂ ಆ ಮೇಜಿನ ಸುತ್ತ ಕುಳಿತರು.

ಎಂಟನೆಯ ಯೋಜನೆಗಾಗಿ ಅವರು 1990ರಲ್ಲಿ ಸಿದ್ಧಪಡಿಸಿದ ದೃಷ್ಟಿಕೋನ ಪತ್ರ ಸಾಮಾಜಿಕ ಪರಿವರ್ತನೆಯನ್ನು ಗುರಿಯಾಗಿಟ್ಟುಕೊಂಡಿತ್ತು. ಉದ್ಯೋಗವೇ ಯೋಜನೆಯ ಕೇಂದ್ರ. ಹೂಡಿಕೆಯ ಅರ್ಧದಷ್ಟು ಪಾಲು ಕೃಷಿಗೆ ಮತ್ತು ಹಳ್ಳಿಗಳಿಗೆ. ಅಧಿಕಾರ ಕೆಳಕ್ಕೆ ಇಳಿಯಬೇಕು, ಯೋಜನೆ ಜಿಲ್ಲೆ ಹಳ್ಳಿಗಳಲ್ಲಿ ಹುಟ್ಟಬೇಕು. ಕರ್ನಾಟಕದಲ್ಲಿ ಮಾಡಿ ನೋಡಿದ್ದನ್ನು ದೇಶಕ್ಕೆ ಹಂಚುವ ಹಂಬಲ ಅದರಲ್ಲಿತ್ತು. ಇಷ್ಟು ಹಣ ಎಲ್ಲಿಂದ ಬರುತ್ತದೆ, ಕೈಗಾರಿಕೆ ಹಿಂದೆ ಬೀಳುವುದಿಲ್ಲವೇ ಎಂದು ಕೇಳಿದವರೂ ಇದ್ದರು. ಪ್ರಶ್ನೆ ಸಣ್ಣದಾಗಿರಲಿಲ್ಲ.

ಉತ್ತರ ಹುಡುಕುವಷ್ಟು ಕಾಲ ಸಿಗಲಿಲ್ಲ. ಮುಖ್ಯಮಂತ್ರಿಯಾಗಿದ್ದಾಗಿನ ಭೂವ್ಯವಹಾರವೊಂದರ ಕುರಿತು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗದ ವರದಿ ಅವರ ವಿರುದ್ಧ ಬಂತು. 1990ರ ಜುಲೈನಲ್ಲಿ ಅವರು ಯೋಜನಾ ಭವನ ಬಿಟ್ಟರು. ನವೆಂಬರಿನಲ್ಲಿ ಸರಕಾರವೇ ಬಿತ್ತು. 1991ರಲ್ಲಿ ದೇಶದ ಬಳಿ ಎರಡು ಮೂರು ವಾರಗಳ ಆಮದಿಗೆ ಸಾಕಾಗುವಷ್ಟೇ ವಿದೇಶಿ ವಿನಿಮಯ ಉಳಿದು, ಚಿನ್ನ ಅಡವಿಡಬೇಕಾಯಿತು. 1990ರಲ್ಲಿ ಶುರುವಾಗಬೇಕಿದ್ದ ಎಂಟನೆಯ ಯೋಜನೆ ಎರಡು ವರ್ಷ ತಡವಾಗಿ 1992ರಲ್ಲಿ ಬೇರೆಯೇ ರೂಪದಲ್ಲಿ ಬಂತು. ಹೆಗಡೆಯವರ ಕಾಲದ ಕರಡು ಕಡತದಲ್ಲೇ ಉಳಿಯಿತು. ಕರ್ನಾಟಕದಲ್ಲೂ ಅದೇ 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು.

ಬಾಗಲಕೋಟೆಯ ಪಾಠ

1991ರ ಲೋಕಸಭಾ ಚುನಾವಣೆಯಲ್ಲಿ ಹೆಗಡೆ ಬಾಗಲಕೋಟೆಯಿಂದ ಸ್ಪರ್ಧಿಸಿದರು. ಎದುರಾಳಿ ಜಮಖಂಡಿ ಕಡೆಯ ರೈತ ಸಿದ್ದು ನ್ಯಾಮಗೌಡ. ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಅಡ್ಡಲಾಗಿ ಒಂದು ಬ್ಯಾರೇಜು ಬೇಕೆಂದು ಸರಕಾರವನ್ನು ಕೇಳಿ ಕೇಳಿ ಸಾಕಾದ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು 1989ರಲ್ಲಿ ಕಟ್ಟಿಬಿಟ್ಟಿದ್ದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರು. ಮುಂದೆ ನಿಂತ ನ್ಯಾಮಗೌಡರನ್ನು ಜನ 'ಬ್ಯಾರೇಜ್ ಸಿದ್ದು' ಎಂದೇ ಕರೆದರು. ದೇಶದ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದವರು ಆ ರೈತನ ಎದುರು ಸೋತರು. ನ್ಯಾಮಗೌಡರು ಕೇಂದ್ರದಲ್ಲಿ ಮಂತ್ರಿಯೂ ಆದರು; ಜಮಖಂಡಿಯ ಶಾಸಕರಾಗಿದ್ದಾಗ 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಚುನಾವಣೆಯ ಸೋಲಿಗೆ ಕಾರಣ ಹತ್ತಾರು. ಆದರೂ ಒಂದು ಮಾತು ನಿಜ. ಯೋಜನೆ ಕೆಳಗಿನಿಂದ ಹುಟ್ಟಬೇಕೆಂದು ಕಾಗದದ ಮೇಲೆ ಬರೆದವರನ್ನು, ಕೆಳಗಿನಿಂದ ಕಲ್ಲಿನಲ್ಲೇ ಕಟ್ಟಿ ತೋರಿಸಿದವರು ಸೋಲಿಸಿದರು. ಹೆಗಡೆಯವರ ವಿಚಾರ ಅಲ್ಲಿ ಸೋಲಲಿಲ್ಲ. ಬೇರೊಬ್ಬರ ಹೆಗಲೇರಿ ಗೆದ್ದಿತು.

1996ರಲ್ಲಿ ಜನತಾ ದಳ ಅವರನ್ನು ಹೊರಹಾಕಿತು. 'ಲೋಕಶಕ್ತಿ' ಪಕ್ಷ ಕಟ್ಟಿ, 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿಯಾದರು. ಮರುವರ್ಷದ ಚುನಾವಣೆಯ ನಂತರ ಮತ್ತೆ ಅವಕಾಶ ಬರಲಿಲ್ಲ. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಯೋಜನಾ ಆಯೋಗವೂ ಈಗ ಇಲ್ಲ. 2015ರ ಜನವರಿ 1ರಂದು ಅದರ ಜಾಗಕ್ಕೆ ನೀತಿ ಆಯೋಗ ಬಂತು. ಹನ್ನೆರಡನೆಯದೇ ಕೊನೆಯ ಪಂಚವಾರ್ಷಿಕ ಯೋಜನೆಯಾಯಿತು. ಚೀನಾದಲ್ಲೂ ಯೋಜನಾ ಆಯೋಗದ ಹೆಸರು ಬದಲಾಗಿದೆ, ಆದರೆ ಪಂಚವಾರ್ಷಿಕ ಯೋಜನೆಗಳು ನಡೆದೇ ಇವೆ.

ಉಳಿದಿರುವ ಕೆಲಸ

ಹಾಗಾದರೆ ಆ ಏಳು ತಿಂಗಳಿಂದ, ಆ ಕಾಯಿದೆಯಿಂದ ಉಳಿದದ್ದೇನು? ಊರಿನ ಕೈಯಲ್ಲಿ ಒಂದು ಹಕ್ಕು ಉಳಿದಿದೆ. ಇಂದು ಪ್ರತಿ ಗ್ರಾಮ ಪಂಚಾಯತಿಯೂ ಗ್ರಾಮಸಭೆ ನಡೆಸಬೇಕು, ಕಾಮಗಾರಿಗಳ ಪಟ್ಟಿಯನ್ನು ಜನರ ಮುಂದಿಡಬೇಕು, ಲೆಕ್ಕ ಒಪ್ಪಿಸಬೇಕು. ನಜೀರ್ ಸಾಬರ ಕಾಲದಲ್ಲಿ ಪ್ರಯೋಗವಾಗಿದ್ದು ಇಂದು ಸಂವಿಧಾನದ ಮಾತು.

ಆದರೆ ಗ್ರಾಮಸಭೆಯ ದಿನ ಏನಾಗುತ್ತದೆ? ಮೈಕು ಇರುತ್ತದೆ, ಕುರ್ಚಿ ಇರುತ್ತದೆ, ಕುಳಿತವರು ಬೆರಳೆಣಿಕೆ. 'ನಾವು ಹೋಗಿ ಏನು ಮಾಡೋದೈತಿ' ಎಂಬ ಮಾತು ಬಯಲು, ಮಲೆನಾಡು ಎರಡರಲ್ಲೂ ಕೇಳುತ್ತದೆ. ಮಗನಿಗೆ ಎಂಜಿನಿಯರಿಂಗ್ ಸೀಟು ಕೊಡಿಸಲು ಹುಬ್ಬಳ್ಳಿ, ಬೆಂಗಳೂರು ಸುತ್ತುವ ಪಾಲಕರು ಅದೇ ಮಗ ಓದಿದ ಶಾಲೆಯ ಮಾಳಿಗೆ ಸೋರುವ ವಿಷಯ ಚರ್ಚೆಗೆ ಬರುವ ಸಭೆಗೆ ನಾಲ್ಕು ಹೆಜ್ಜೆ ನಡೆದು ಹೋಗುವುದಿಲ್ಲ. ಕೇಳುವವರಿಲ್ಲದ ಕಡೆ ಪಟ್ಟಿಯನ್ನು ಗುತ್ತಿಗೆದಾರ ಬರೆಯುತ್ತಾನೆ. ಆಗ ಹತ್ತು ಚೀಲ ಮೂವತ್ತಾಗಲು ಮಾವೋ ಬೇಕಿಲ್ಲ, ಊರಿನವರ ಮೌನವೇ ಸಾಕು.

ಮಕ್ಕಳಿಗೂ ಇದರಲ್ಲಿ ಪಾಲಿದೆ. ಕರ್ನಾಟಕದಲ್ಲಿ 2006ರಿಂದ ಮಕ್ಕಳ ಗ್ರಾಮಸಭೆಗಳಿಗೆ ಸರಕಾರವೇ ಆದೇಶ ಹೊರಡಿಸಿದೆ. ಶಾಲೆಗೆ ಶೌಚಾಲಯವಿಲ್ಲ, ಬಸ್ಸು ಸಮಯಕ್ಕೆ ಬರುವುದಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂದು ಹತ್ತು ವರ್ಷದ ಹುಡುಗಿಯೂ ಎದ್ದು ನಿಂತು ಹೇಳಬಹುದು. ಹೇಳುವ ಮೊದಲು ಅಳೆಯಬೇಕು. ಅದು ವಿಜ್ಞಾನದ ಶಿಸ್ತು. ಬಸ್ಸು ಬರುವುದಿಲ್ಲ ಎನ್ನುವ ಬದಲು ಒಂದು ತಿಂಗಳು ಗೋಡೆಯ ಮೇಲೆ ಸಮಯ ಬರೆದಿಟ್ಟು, ಇಪ್ಪತ್ತೈದು ದಿನಗಳಲ್ಲಿ ಹದಿನಾಲ್ಕು ದಿನ ತಡವಾಯಿತು ಎಂದರೆ ಅಧಿಕಾರಿಗೆ ತಲೆತಗ್ಗಿಸದೆ ಗತಿಯಿಲ್ಲ. ಕೆರೆಯ ನೀರು ಕಡಿಮೆಯಾಗಿದೆ ಎನ್ನುವ ಬದಲು ದಂಡೆಯ ಕಲ್ಲಿಗೆ ಗುರುತು ಹಾಕಿ ವಾರವಾರ ಇಳಿದ ಮೊಳದ ಲೆಕ್ಕ ಇಡಬಹುದು.

ಸನವಳ್ಳಿಯಂಥ ಊರಿನ ಮನೆಯೊಂದರಲ್ಲಿ ಮಗಳು ಕೇಳುತ್ತಾಳೆ ಎಂದುಕೊಳ್ಳೋಣ: "ಅಪ್ಪಾ, ಬ್ಯಾಸಗಿಗೆ ನೀರು ಎಷ್ಟು ಉಳಿಸಬೇಕು ಅಂತ ಯಾರು ಹೇಳ್ತಾರ?"

"ಮ್ಯಾಲಿನವರು ಹೇಳ್ತಾರವ್ವಾ."

"ಅವರಿಗೆ ನಮ್ಮ ಕೊಡದ ಲೆಕ್ಕ ಹ್ಯಾಂಗ ಗೊತ್ತಾಗತೈತಿ?"

ಚೀನಾದ ಯೋಜಕರು ಕೋಟಿ ಜೀವಗಳು ಹೋದ ಮೇಲೆ ಕೇಳಿಕೊಂಡ ಪ್ರಶ್ನೆ ಇದೇ. ದೊಡ್ಮನೆಯ ಹೆಗಡೆಯವರು ತಮ್ಮೆಲ್ಲ ಸರಿ ತಪ್ಪುಗಳ ನಡುವೆ ಉತ್ತರಿಸಲು ಯತ್ನಿಸಿದ ಪ್ರಶ್ನೆಯೂ ಇದೇ. ಅಪ್ಪನಿಗೆ ಉತ್ತರ ಗೊತ್ತಿರದಿದ್ದರೆ ಚಿಂತೆಯಿಲ್ಲ. ಮುಂದಿನ ಗ್ರಾಮಸಭೆಯ ದಿನಾಂಕ ಪಂಚಾಯತಿಯ ನೋಟೀಸು ಬೋರ್ಡಿನಲ್ಲಿರುತ್ತದೆ. ಮಗಳನ್ನೂ ಕರೆದುಕೊಂಡು ಹೋದರಾಯಿತು.